ವಿಲ್ಲಿಸ್ ಜೀಪಿಗೆ ನಂಬರ್ ಪ್ಲೇಟಿನ ಬ್ರ್ಯಾಕೆಟ್: ಹಳೇ ತಗಡಿಗೆ ಹೊಸ ತೂತು ಕೊರೆಯದೆ

ಗಾಡಿ 1944ರ ವಿಲ್ಲಿಸ್ ಎಂಬಿ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ (ಸೇನೆಗೆ ಬೇಡವಾದ ಗಾಡಿಗಳ ಮಾರಾಟದಲ್ಲಿ) ಬಂದು ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ ಜೀಪುಗಳಲ್ಲೊಂದು. ಚಾಸಿ, ಬಾಡಿ, ಎಂಜಿನ್ ಕೆಲಸ ಮುಗಿದಿದೆ, ಎಲೆಕ್ಟ್ರಿಕಲ್ ಇನ್ನೂ ಮೂಲದ 6 ವೋಲ್ಟೇ. ಕೊನೆಗೆ ಉಳಿದದ್ದು ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟು) ಕೂರಿಸಲು ಹಿಂದೆ ಮುಂದೆ ಒಂದೊಂದು ಬ್ರ್ಯಾಕೆಟ್.

ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ ಈ ಗಾಡಿಯಲ್ಲಿ ಪ್ಲೇಟಿಗೆ ಜಾಗವೇ ಇಲ್ಲ. ಅಮೆರಿಕದ ಸೇನೆ ನೋಂದಣಿ ಸಂಖ್ಯೆಯನ್ನು ಬಾನೆಟ್ಟಿನ ಎರಡೂ ಪಕ್ಕಕ್ಕೆ ಬಣ್ಣದಲ್ಲಿ ಬರೆಯುತ್ತಿತ್ತು (ಕಾಲು ಟನ್ ಜೀಪಿಗೆ 20ರಿಂದ ಶುರುವಾಗುವ ಸಂಖ್ಯೆ), ತುಕಡಿಯ ಗುರುತು ಬಂಪರಿನ ಮೇಲೆ. ಹಾಗಾಗಿ ಪ್ಲೇಟು ಕೂರುವ ಚಪ್ಪಟೆ ಜಾಗವಾಗಲಿ, ಅದಕ್ಕೊಂದು ದೀಪವಾಗಲಿ ಕಾರ್ಖಾನೆಯಿಂದ ಬಂದೇ ಇಲ್ಲ. ತೋಟದ ಜೀಪುಗಳಲ್ಲಿ ಸಿಕ್ಕಸಿಕ್ಕಲ್ಲಿ ತೂತು ಕೊರೆದು ಪ್ಲೇಟು ಹೊಡೆದಿರುತ್ತಾರೆ. ಈ ಗಾಡಿಯ ಹಿಂಭಾಗದ ತಗಡಿನಲ್ಲೇ ಅಂಥ ಹನ್ನೊಂದು ತೂತು ಮುಚ್ಚಬೇಕಾಯಿತು. ಆದ್ದರಿಂದ ಒಂದೇ ಷರತ್ತು: ಹೊಸ ತೂತು ಬೇಡ, ಇರುವ ಬೋಲ್ಟುಗಳಲ್ಲೇ ಎಲ್ಲ ನಿಲ್ಲಬೇಕು.

1. ಡಮ್ಮಿ ಹಲಗೆ

ಪ್ಲೇಟು ಕೈಗೆ ಬರುವ ಮೊದಲೇ ಬ್ರ್ಯಾಕೆಟ್ ಸಿದ್ಧವಿರಬೇಕು, ಯಾಕೆಂದರೆ ಫಿಟ್ಟಿಂಗ್ ಜಾಗದಲ್ಲಿ ನಿಂತು ವೆಲ್ಡಿಂಗ್ ಮಾಡಲಾಗುವುದಿಲ್ಲ. ನಾಲ್ಕು ಚಕ್ರದ ಗಾಡಿಗಳ ಅಳತೆ ಎರಡು: 500×120 ಮಿಮೀ ಮತ್ತು 340×200 ಮಿಮೀ. ಇಲ್ಲಿ ಮುಂದೆ ಉದ್ದದ್ದು, ಹಿಂದೆ ಎರಡು ಸಾಲಿನದು. ಬುಕ್ ಮಾಡುವಾಗ ನಿಮ್ಮ ಗಾಡಿಗೆ ಯಾವ ಅಳತೆ ತೋರಿಸುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಪಟ್ಟಿ ಕತ್ತರಿಸಿ.

3 ಮಿಮೀ ಪ್ಲೈವುಡ್ಡಿನಲ್ಲಿ ಎರಡೂ ಅಳತೆಯ ಹಲಗೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಲ್ಲಿ ಬೇರೆ ಬೇರೆ ಜಾಗಕ್ಕೆ ಅಂಟಿಸಿ ನೋಡಿದ್ದು. ಕಾಗದದ ಮೇಲೆ ಸರಿ ಕಂಡ ಜಾಗಗಳು ತಪ್ಪೆಂದು ಗೊತ್ತಾಗುವುದು ಇಲ್ಲೇ. ಈ ಹಂತಕ್ಕೆ ಖರ್ಚಿಲ್ಲ, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

2. ಹಿಂದೆ ಎಲ್ಲಿ?

ಎಂಬಿಯ ಹಿಂಭಾಗದ ತಗಡಿನಲ್ಲಿ ಬಲಕ್ಕೆ ಸ್ಟೆಪ್ನಿ, ಎಡಕ್ಕೆ ಜೆರಿಕ್ಯಾನ್, ಕೆಳಗೆ ನಡುವೆ ಟ್ರೇಲರ್ ಎಳೆಯುವ ಪಿಂಟಲ್ ಹುಕ್, ಅದರ ಎರಡೂ ಪಕ್ಕ ಒಂದೊಂದು ಚಿಕ್ಕ ಬಂಪರೆಟ್ (ತುಂಡು ಬಂಪರ್). ನೋಡಿದ ಜಾಗಗಳು, ಬಿಟ್ಟ ಕಾರಣ:

ಜೆರಿಕ್ಯಾನಿನ ಮುಖದ ಮೇಲೆ: ಕ್ಯಾನಿನ ಅಗಲ 345 ಮಿಮೀ, ಪ್ಲೇಟು 340. ನೋಡಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಕ್ಯಾನ್ ಇಳಿಸಿದಾಗ ಪ್ಲೇಟೂ ಇಳಿಯುತ್ತದೆ. ಹಿಂದಿನ ಪ್ಲೇಟಿಗೆ ಹಾಕುವ, ಒಮ್ಮೆ ಕೂತರೆ ಬಿಚ್ಚಲಾಗದ ಸ್ನ್ಯಾಪ್ ಲಾಕ್ ಇರುವುದೇ ಅದು ಗಾಡಿಯಿಂದ ಬೇರ್ಪಡಬಾರದೆಂದು.

ಸ್ಟೆಪ್ನಿಯ ನಡುವೆ: ಪಂಚರ್ ಆದ ದಿನ ಪ್ಲೇಟಿಲ್ಲದ ಗಾಡಿ. ಅಲ್ಲದೆ ಅಲ್ಲಿಗೆ ದೀಪದ ವೈರು ಒಯ್ಯಲು ತೂತು ಬೇಕೇ ಬೇಕು.

ಪಿಂಟಲ್ ಮೇಲೆ, ನಡುವೆ: ಹುಕ್ಕಿನ ಮೇಲಿನ ದವಡೆ ತೆರೆಯುವಾಗ ಪ್ಲೇಟಿಗೆ ತಾಗುತ್ತದೆ. ಟ್ರೇಲರ್ ಎಳೆಯುವುದೇ ಇಲ್ಲ ಎನ್ನುವವರಿಗೆ ಇದು ಸುಲಭದ ದಾರಿ, ಆದರೆ ಹುಕ್ ಸತ್ತಂತೆ.

ಎಡ ಬಂಪರೆಟ್ಟಿನ ಮುಖದ ಮೇಲೆ: ಹಿಂದಿನಿಂದ ಏನೇ ಮುಟ್ಟಿದರೂ ಮೊದಲ ಪೆಟ್ಟು ಪ್ಲೇಟಿಗೆ.

ಕೊನೆಗೆ ಆಯ್ದದ್ದು ಎಡ ಬಂಪರೆಟ್ಟಿನ ಕೆಳಗೆ. ಪ್ಲೇಟಿನ ಮೇಲಂಚು ಬಂಪರೆಟ್ಟಿನ ಮುಖದಿಂದ 70 ಮಿಮೀ ಒಳಗೆ, ಕೆಳಂಚು 40 ಮಿಮೀ ಒಳಗೆ. ಅಂದರೆ ಪ್ಲೇಟಿನ ಮುಖ ಸ್ವಲ್ಪ ಮೇಲಕ್ಕೆ ನೋಡುತ್ತದೆ, ಸುಮಾರು 8.5 ಡಿಗ್ರಿ. ಈ ಓರೆ ದೀಪದ ಹಂತದಲ್ಲಿ ಉಪಯೋಗಕ್ಕೆ ಬಂತು. ಎಂಬಿಯ ಹೊಗೆ ಕೊಳವೆ ಬಲಗಡೆ ಹಿಂದಿನ ಚಕ್ರದ ಮುಂದೆ ಹೊರಬರುವುದರಿಂದ ಎಡಕ್ಕೆ ಬಿಸಿಯ ಕಾಟವೂ ಇಲ್ಲ.

ತೊಂದರೆ ಒಂದೇ, ಎತ್ತರ. ಕೆಳಂಚು ನೆಲದಿಂದ 330 ಮಿಮೀ ಮೇಲೆ ಬಂತು. ಎಂಬಿಯ ಹಿಂಬದಿ ನಿರ್ಗಮನ ಕೋನ (ಹಿಂಭಾಗ ನೆಲಕ್ಕೆ ತಾಗದೆ ಇಳಿಯಬಲ್ಲ ದಿಣ್ಣೆಯ ಕೋನ) 35 ಡಿಗ್ರಿ. ಹಿಂದಿನ ಟೈರಿನ ಬುಡದಿಂದ ಪ್ಲೇಟಿನ ಕೆಳಂಚಿಗೆ ನೇರ ಪಟ್ಟಿ ಇಟ್ಟು ಫೋನಿನ ಕೋನ ಮಾಪಕದಲ್ಲಿ ಅಳೆದರೆ 29ಕ್ಕೂ ತುಸು ಕಡಿಮೆ. ತೋಟದ ದಾರಿಯಲ್ಲಿ ಚರಂಡಿ ದಾಟಿದರೆ ಕೆಳಂಚು ನೆಲಕ್ಕೆ ಉಜ್ಜುವುದು ಖಂಡಿತ. ಆದ್ದರಿಂದ ಕೀಲು ಬೇಕಾಯಿತು. ಮೊದಲ ಬ್ರ್ಯಾಕೆಟ್‌ನಲ್ಲಿ ಕೀಲು ಇರಲಿಲ್ಲ.

3. ಮೊದಲ ಬ್ರ್ಯಾಕೆಟ್, ಅದು ಮುರಿದ ಬಗೆ

ವಸ್ತು: 25×3 ಮಿಮೀ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯ ಎರಡು ತೋಳು, ಬಂಪರೆಟ್ ಹಿಡಿದ ಬೋಲ್ಟಿನಿಂದ ಪ್ಲೇಟಿನವರೆಗೆ 180 ಮಿಮೀ ಚಾಚು. ಹಿಂಬದಿಗೆ 336×196 ಅಳತೆಯ 16 ಗೇಜ್ (1.6 ಮಿಮೀ) ಉಕ್ಕಿನ ತಗಡು, ತೂಕ 830 ಗ್ರಾಂ.

ಎಂಜಿನ್ ಐಡಲ್‌ನಲ್ಲಿರುವಾಗಲೇ ಪ್ಲೇಟಿನ ಕೆಳಂಚು ಕಣ್ಣಿಗೆ ಕಾಣುವಂತೆ ನಡುಗುತ್ತಿತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ನಡುಕ ನಿಲ್ಲುತ್ತದೆ, ಅದೇ ಮೋಸ. ರಸ್ತೆಯ ಮೇಲೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಮುರಂ ರಸ್ತೆಯಲ್ಲಿ ಓಡಿಸಿ ಬಂದು ನೋಡಿದರೆ ಎರಡೂ ತೋಳಿನ ಬಾಗಿನ ಒಳಗಡೆ ಕೂದಲೆಳೆಯ ಬಿರುಕು, ಒಂದರಲ್ಲಿ ಅಗಲದ ಅರ್ಧದವರೆಗೆ. ಬಣ್ಣ ಹಾಕಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಬಣ್ಣದ ಮೊದಲು ಓಡಿಸಿ ನೋಡಬೇಕು ಅನ್ನುವುದು ಇದಕ್ಕೇ.

ಬಿರುಕಿಗೆ ಮೂರು ಕಾರಣ ಒಟ್ಟಿಗೆ ಸೇರಿದ್ದವು:

ಬಾಗು ತೀರಾ ಚೂಪು. ವೈಸಿನ ದವಡೆಯ ಅಂಚಿಗೇ ಸುತ್ತಿಗೆಯಿಂದ ಬಡಿದು 90 ಡಿಗ್ರಿ ಮಾಡಿದ್ದರಿಂದ ಒಳ ತ್ರಿಜ್ಯ ಇಲ್ಲವೆಂಬಷ್ಟು. ತಣ್ಣಗೆ ಬಾಗಿಸುವಾಗ ಒಳ ತ್ರಿಜ್ಯ ಕನಿಷ್ಠ ಪಟ್ಟಿಯ ದಪ್ಪದಷ್ಟಾದರೂ ಇರಬೇಕು.

ಗ್ರೈಂಡರ್ ಗೀರು. ಬಾಗಿಸುವ ಗೆರೆಯನ್ನು ಗ್ರೈಂಡರಿನ ಡಿಸ್ಕಿನಲ್ಲೇ ಗುರುತು ಮಾಡಿದ್ದು. ಬಿರುಕು ಸರಿಯಾಗಿ ಆ ಗೀರಿನ ಉದ್ದಕ್ಕೇ ಓಡಿದೆ. ಗುರುತಿಗೆ ಮಾರ್ಕರ್ ಪೆನ್ ಸಾಕು. ಕತ್ತರಿಸಿದ ಅಂಚಿನ ಬರ್ (ಚೂಪು ಚೂರು) ಅರದಿಂದ ಉಜ್ಜಿ, ಗೀರು ಪಟ್ಟಿಯ ಉದ್ದಕ್ಕೆ ಬರುವಂತೆ ನೋಡಿಕೊಳ್ಳಿ. ಅಡ್ಡಕ್ಕೆ ಬರಬಾರದು.

ತೋಳು ಉದ್ದ, ತೆಳ್ಳಗೆ, ತುದಿಯಲ್ಲಿ ಭಾರ. ಉಳಿದೆರಡನ್ನು ಸರಿಮಾಡಿದರೂ ಇದೊಂದೇ ಸಾಕು ಇನ್ನೊಂದು ಬಾರಿ ಮುರಿಯಲು.

ಬಿರುಕಿನ ಮೇಲೆ ವೆಲ್ಡ್ ಎಳೆದು ಮುಂದುವರಿಸುವುದು ಗ್ಯಾರೇಜಿನ ಸಾಮಾನ್ಯ ಸಲಹೆ. ಹಾಗೆ ಮಾಡಿದ ಪಟ್ಟಿ ವೆಲ್ಡಿನ ಪಕ್ಕದಲ್ಲಿ, ಬಿಸಿ ತಿಂದ ಜಾಗದಲ್ಲಿ ಮತ್ತೆ ಒಡೆಯುತ್ತದೆ. ಇಡೀ ಬ್ರ್ಯಾಕೆಟ್ ಗುಜರಿಗೆ ಹೋಯಿತು.

4. ಎರಡನೆಯದು

ಮುರಿದದ್ದನ್ನು ನೋಡಿ ದಪ್ಪ ತಗಡು, ದೊಡ್ಡ ಬೋಲ್ಟು ಎಂದು ಹೊರಟರೆ ಭಾರವೂ ಹೆಚ್ಚುತ್ತದೆ. ಇಲ್ಲಿ ಮಾಡಿದ್ದು ಮೂರು ಬದಲಾವಣೆ: ತೋಳು ಗಿಡ್ಡ, ಪಟ್ಟಿ ದಪ್ಪ, ತುದಿ ಹಗುರ. ಪಟ್ಟಿ 40×5, ಚಾಚು 110 ಮಿಮೀ. ಗಟ್ಟಿತನ ದಪ್ಪದ ಘನದಷ್ಟು ಏರುತ್ತದೆ, ಉದ್ದದ ಘನದಷ್ಟು ಇಳಿಯುತ್ತದೆ. ಅಗಲವನ್ನೂ ಸೇರಿಸಿದರೆ ಮೊದಲಿನದಕ್ಕಿಂತ ಸುಮಾರು 32 ಪಟ್ಟು. 40×5 ಪಟ್ಟಿ ಮೀಟರಿಗೆ 1.57 ಕೆಜಿ ತೂಗುತ್ತದೆ. ಎರಡೂ ತೋಳಿಗೆ ಅರ್ಧ ಮೀಟರ್ ಸಾಕು.

ಬಾಗು: 10 ಮಿಮೀ ಸರಳನ್ನು ವೈಸಿನಲ್ಲಿ ಪಟ್ಟಿಯ ಜೊತೆ ಕಚ್ಚಿಸಿ, ಅದರ ಸುತ್ತ ಬಾಗಿಸಿದ್ದು. ಒಳ ತ್ರಿಜ್ಯ 5 ಮಿಮೀ ಬರುತ್ತದೆ. 5 ಮಿಮೀ ಪಟ್ಟಿಯನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿದರೆ ಸಲೀಸು. ಕಾಯಿಸಿದ ಮೇಲೆ ನೀರಿಗೆ ಅದ್ದಬೇಡಿ, ತಾನಾಗಿ ಆರಲಿ. ಪ್ರತಿ ಬಾಗಿನ ಒಳಮೂಲೆಗೆ 30×30 ಮಿಮೀ ತ್ರಿಕೋನದ ಗಸೆಟ್ (ಮೂಲೆಗೆ ಬಲ ಕೊಡುವ ತುಂಡು), 3 ಮಿಮೀ ದಪ್ಪ, ತುದಿ ಕತ್ತರಿಸಿ ವೆಲ್ಡ್. ಗಸೆಟ್ಟಿನ ಚೂಪು ತುದಿಯವರೆಗೂ ವೆಲ್ಡ್ ಎಳೆದರೆ ಅಲ್ಲೇ ಹೊಸ ಬಿರುಕಿಗೆ ದಾರಿ.

ಬೋಲ್ಟಿನ ತೂತುಗಳ ನಡುವಿನ ಅಂತರವನ್ನು ಬೇಕೆಂದೇ ಬರೆದಿಲ್ಲ. ಈ ಜೀಪುಗಳ ಹಿಂದಿನ ಕ್ರಾಸ್ ಮೆಂಬರ್ ಎಂಬತ್ತು ವರ್ಷದಲ್ಲಿ ಎಷ್ಟೋ ಸಲ ವೆಲ್ಡ್ ಕಂಡಿರುತ್ತದೆ, ಬಂಪರೆಟ್ ಎಷ್ಟೋ ಕಡೆ ಊರ ವೆಲ್ಡರ್ ಮಾಡಿಕೊಟ್ಟದ್ದು. ರಟ್ಟಿನ ತುಂಡನ್ನು ಬೋಲ್ಟುಗಳ ಮೇಲೆ ಒತ್ತಿ ಅಚ್ಚು ತೆಗೆದುಕೊಂಡು, ಅದನ್ನೇ ಪಟ್ಟಿಗೆ ಅಂಟಿಸಿ ಪಂಚ್ ಮಾಡಿ. ತೂತನ್ನು ಒಂದು ದಿಕ್ಕಿಗೆ 3 ಮಿಮೀ ಉದ್ದ ಮಾಡಿ ಇಟ್ಟರೆ ಕೊನೆಯಲ್ಲಿ ಮಟ್ಟ ಸರಿಮಾಡಲು ಅವಕಾಶ ಇರುತ್ತದೆ.

ಇನ್ನೊಂದು ಎಚ್ಚರ: ಎಂಬಿಯ ನಟ್ಟು ಬೋಲ್ಟು ಇಂಚಿನವು, ಸಣ್ಣ ಮರೆಯವು (ಫೈನ್ ಥ್ರೆಡ್). 3/8 ಇಂಚಿನ ತೂತಿಗೆ (9.5 ಮಿಮೀ) ಎಂ10 ಹೋಗುವುದಿಲ್ಲ. ಹೋಗಲೆಂದು ತೂತು ದೊಡ್ಡದು ಮಾಡಿದರೆ ಹೊಸ ತೂತು ಕೊರೆದದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ. ಬ್ರ್ಯಾಕೆಟ್ಟಿನ 5 ಮಿಮೀ ದಪ್ಪ ಸೇರುವುದರಿಂದ ಹಳೇ ಬೋಲ್ಟು ಗಿಡ್ಡ ಬೀಳುತ್ತದೆ. ಅದೇ ಮರೆಯ, ಹಳೇದಕ್ಕಿಂತ ಕಾಲು ಇಂಚು ಹೆಚ್ಚು ಉದ್ದದ ಬೋಲ್ಟು ತಂದು ಹಾಕಿ.

ಹಿಂಬದಿಯ ತಗಡನ್ನು ಉಕ್ಕಿನಿಂದ 3 ಮಿಮೀ ಅಲ್ಯೂಮಿನಿಯಂಗೆ ಬದಲಿಸಿದ್ದರಿಂದ 830 ಗ್ರಾಂ ಇದ್ದದ್ದು 530ಕ್ಕೆ ಇಳಿಯಿತು. ಲಾಭ ತೂಕದ್ದೊಂದೇ ಅಲ್ಲ. ಎಚ್‌ಎಸ್‌ಆರ್‌ಪಿ 1 ಮಿಮೀ ಅಲ್ಯೂಮಿನಿಯಂ. ಅದನ್ನು ಬರಿಯ ಉಕ್ಕಿಗೆ ಒತ್ತಿ ಕಟ್ಟಿ ಮಲೆನಾಡಿನ ಮಳೆಗೆ ಬಿಟ್ಟರೆ ನಡುವೆ ನಿಂತ ನೀರಿನಲ್ಲಿ ಅಲ್ಯೂಮಿನಿಯಂ ಪುಡಿಪುಡಿಯಾಗಿ ಬಿಳಿ ಏಳುತ್ತದೆ. ಅಲ್ಯೂಮಿನಿಯಂ ಉಕ್ಕನ್ನು ಮುಟ್ಟುವಲ್ಲಿ 1.5 ಮಿಮೀ ರಬ್ಬರ್ ಶೀಟು, ಎಂ6 ಸ್ಟೇನ್‌ಲೆಸ್ ಬೋಲ್ಟುಗಳ ಕೆಳಗೆ ನೈಲಾನ್ ವಾಷರ್. ಹಳೇ ಸೈಕಲ್ ಟ್ಯೂಬನ್ನು ಸೀಳಿ ಹಾಕಿದರೂ ನಡೆಯುತ್ತದೆ.

5. ಕೀಲು

ಹಾರ್ಡ್‌ವೇರ್ ಅಂಗಡಿಯ 3 ಇಂಚಿನ ಬಾಗಿಲ ಕೀಲು ಮೊದಲು ಹಾಕಿ ನೋಡಿದ್ದು. ಅದರ ಪಿನ್ನಿನ ಸಡಿಲವೇ ಸಾಕಾಗಿ ಕಟಕಟ ಸದ್ದು ಸೀಟಿನವರೆಗೆ ಕೇಳುತ್ತದೆ. ಬಿಚ್ಚಿ ಬಿಸಾಡಿ, ಕೊಳವೆಯ ಕೀಲು ಮಾಡಿದ್ದು ಹೀಗೆ:

ಪಿನ್ನು: 8 ಮಿಮೀ ಬ್ರೈಟ್ ಬಾರ್ (ನುಣುಪು ಉಕ್ಕಿನ ಸರಳು), 290 ಮಿಮೀ ಉದ್ದ.
ಕೊಳವೆ: ಹೊರ ವ್ಯಾಸ 14, ಒಳಗೆ 8 ಮಿಮೀ. ನಡುವಿನ ತುಂಡು 220 ಮಿಮೀ, ಪ್ಲೇಟಿನ ಕಡೆಯ 25×5 ಪಟ್ಟಿಗೆ. ಪಕ್ಕದ ತುಂಡು ತಲಾ 25 ಮಿಮೀ, ತೋಳುಗಳಿಗೆ.
ತುಂಡುಗಳ ನಡುವೆ ತಲಾ ಒಂದು ನೈಲಾನ್ ವಾಷರ್.

ವೆಲ್ಡಿಂಗ್ ಬಿಸಿಗೆ ಉದ್ದದ ಕೊಳವೆ ಬಾಳೆಹಣ್ಣಿನಂತೆ ಬಾಗುತ್ತದೆ, ಆಮೇಲೆ ಪಿನ್ನು ಹೋಗುವುದಿಲ್ಲ. ಮೂರೂ ತುಂಡಿನಲ್ಲಿ ಸರಳು ತೂರಿಸಿಟ್ಟುಕೊಂಡೇ, 10 ಮಿಮೀ ಉದ್ದದ ಚಿಕ್ಕ ವೆಲ್ಡ್‌ಗಳನ್ನು ಒಮ್ಮೆ ಎಡ ತುದಿ, ಒಮ್ಮೆ ಬಲ ತುದಿ ಎಂದು ಬದಲಿಸುತ್ತಾ, ನಡುವೆ ಆರಲು ಬಿಟ್ಟು ಹಾಕಬೇಕು. ನಂತರ 8.2 ಮಿಮೀ ಡ್ರಿಲ್ ಬಿಟ್ಟನ್ನು ಎರಡೂ ಕಡೆಯಿಂದ ಓಡಿಸಿ ಒಳಗಿನ ಗಂಟು ತೆಗೆಯಿರಿ. ಪಿನ್ನಿನ ಎರಡೂ ತುದಿಗೆ ವಾಷರ್ ಹಾಕಿ ಬಡಿದು ಹರಡಿದರೆ ಅದು ಮತ್ತೆ ಹೊರಬರುವುದಿಲ್ಲ. ಸ್ಪ್ಲಿಟ್ ಪಿನ್ ಹಾಕಿದರೆ ಇಕ್ಕಳ ಇದ್ದವರೆಲ್ಲ ಪ್ಲೇಟು ತೆಗೆಯಬಹುದು.

ಪ್ಲೇಟು ಹಿಂದಕ್ಕೆ ಮಾತ್ರ ಎದ್ದೇಳುತ್ತದೆ. ಗಾಡಿ ದಿಣ್ಣೆ ಇಳಿಯುವಾಗ ನೆಲ ಅದನ್ನು ಹಿಂದಕ್ಕೇ ತಳ್ಳುವುದು. ಮುಂದಕ್ಕೆ ಹೋಗದಂತೆ ಎರಡು ರಬ್ಬರ್ ಬಫರ್ ತಡೆ. ಬಫರಿಗೆ ಒತ್ತಿ ಹಿಡಿಯಲು ಬೈಕಿನ ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್. ಎಳೆತ ಎಷ್ಟಿರಬೇಕು ಎಂಬುದಕ್ಕೆ ತೂಗುಕೊಕ್ಕೆಯನ್ನು ಕೆಳಂಚಿಗೆ ಸಿಕ್ಕಿಸಿ ಹಿಂದಕ್ಕೆ ಎಳೆದು ನೋಡಿದ್ದು: 2 ಕೆಜಿಗೇ ಎದ್ದರೆ ಓಡುವಾಗ ಪಟಪಟ ಬಡಿದುಕೊಳ್ಳುತ್ತದೆ, 4 ಕೆಜಿಯಲ್ಲಿ ಸುಮ್ಮನಿರುತ್ತದೆ. ಸ್ಪ್ರಿಂಗ್ ಕೊಂಡಿಯ ತೂತನ್ನು 8 ಮಿಮೀ ಅಂತರದಲ್ಲಿ ಮೂರು ಕಡೆ ಕೊರೆದಿಟ್ಟರೆ ಹೊಂದಿಸುವುದು ಸುಲಭ.

ರಿವರ್ಸ್‌ನಲ್ಲಿ ಬದುವಿಗೆ ಹತ್ತಿಸಿದರೆ ಈ ಕೀಲು ಕಾಪಾಡುವುದಿಲ್ಲ. ಆಗ ನೆಲ ಪ್ಲೇಟನ್ನು ಮುಂದಕ್ಕೆ ತಳ್ಳುತ್ತದೆ, ಬಫರ್ ಕುಗ್ಗುವಷ್ಟೇ ಅವಕಾಶ.

6. ದೀಪ

ಹಿಂದಿನ ಸಂಖ್ಯೆ ರಾತ್ರಿ 15 ಮೀಟರ್ ದೂರಕ್ಕೆ ಓದಲು ಬರುವಂತೆ ಬಿಳಿ ಬೆಳಕು ಇರಬೇಕು. ಅಂಗಡಿಯ ನಂಬರ್ ಪ್ಲೇಟ್ ಎಲ್‌ಇಡಿಗಳು 12 ವೋಲ್ಟಿನವು. ಅವುಗಳಲ್ಲಿ ಮೂರು ಮೂರು ಬಿಳಿ ಎಲ್‌ಇಡಿ ಸಾಲಾಗಿ ಜೋಡಿಸಿರುವುದರಿಂದ 9 ವೋಲ್ಟಾದರೂ ಬೇಕು. 6 ವೋಲ್ಟಿಗೆ ಕೊಟ್ಟರೆ ಮಂಕಾಗಿ ಕೂಡ ಉರಿಯುವುದಿಲ್ಲ, ಪೂರ್ತಿ ಕತ್ತಲೆ. ವೈರಿಂಗ್ ತಪ್ಪಿದೆ ಎಂದು ಹುಡುಕುತ್ತಾ ಕೂರಬೇಡಿ. ಹಳೇ ಸ್ಕೂಟರುಗಳಿಗೆ ಬರುತ್ತಿದ್ದ 6 ವೋಲ್ಟ್ 4 ವಾಟ್ ಬಲ್ಬು ಈಗಲೂ ಸಿಗುತ್ತದೆ. ಅಂಥ ಎರಡು, ಒಟ್ಟು 1.3 ಆಂಪಿಯರ್. ಗಾಡಿಯನ್ನು 12 ವೋಲ್ಟಿಗೆ ಬದಲಿಸಿದವರಿಗೆ ಈ ತಾಪತ್ರಯವಿಲ್ಲ.

ದೀಪಗಳು ಬಂಪರೆಟ್ಟಿನ ಕೆಳ ತುಟಿಯ ಹಿಂದೆ, ಪ್ಲೇಟಿನ ಮೇಲಂಚಿನಿಂದ 65 ಮಿಮೀ ಹೊರಗೆ. ಮೊದಲು 25 ಮಿಮೀ ಹೊರಗಿಟ್ಟಾಗ ಮೇಲಿನ ಸಾಲು ಕಣ್ಣು ಕುಕ್ಕುತ್ತಿತ್ತು, ಕೆಳಗಿನ ಸಾಲು ಓದಲಾಗುತ್ತಿರಲಿಲ್ಲ. ಪ್ರತಿಫಲಿಸುವ ಹಾಳೆಯ ಮೇಲೆ ಹತ್ತಿರದ ದೀಪ ಯಾವಾಗಲೂ ಹೀಗೇ ಮಾಡುತ್ತದೆ. ಹೊರಗೆ ಸರಿಸಿದ್ದು, ಪ್ಲೇಟಿನ ಓರೆ, ಎರಡೂ ಸೇರಿ ಸರಿಯಾಯಿತು. ಬೆಳಕು ಹಿಂದಿನ ಗಾಡಿಯವರ ಕಣ್ಣಿಗೆ ನೇರ ಬೀಳದಂತೆ ಚಿಕ್ಕ ತಗಡಿನ ಮರೆ.

ವೈರು 1.5 ಚದರ ಮಿಮೀ, ಟೈಲ್ ದೀಪದ ತಂತಿಯಿಂದ. ಎಂಬಿಯಲ್ಲಿ ಸಾಮಾನ್ಯ ಟೈಲ್ ದೀಪ ಎಡಗಡೆಯದೇ. ಬಲಗಡೆಯದು ಮೂಲತಃ ಬ್ಲ್ಯಾಕ್‌ಔಟ್ ದೀಪ (ಯುದ್ಧಕಾಲದ ಕತ್ತಲೆಯಲ್ಲಿ ಓಡಿಸುವಾಗಿನ ಮಂದ ದೀಪ). ಹಾಗಾಗಿ ಎಡಕ್ಕೆ ಪ್ಲೇಟು ಬಂದದ್ದು ವೈರಿಗೂ ಅನುಕೂಲ. ಅರ್ತ್‌ಗೆ ಬೇರೆ ವೈರನ್ನೇ ಚಾಸಿಯವರೆಗೆ ಎಳೆಯಿರಿ. ಬಣ್ಣ ಬಳಿದ ಬ್ರ್ಯಾಕೆಟ್, ರಬ್ಬರ್, ನೈಲಾನ್ ವಾಷರ್ ಇವುಗಳ ಮೂಲಕ ಅರ್ತ್ ಸಿಗುವುದಿಲ್ಲ. ಬ್ರೇಕ್ ಒತ್ತಿದಾಗ ನಂಬರ್ ಪ್ಲೇಟಿನ ದೀಪ ಮಿಣುಕಿದರೆ ಮೊದಲು ನೋಡಬೇಕಾದ್ದು ಟೈಲ್ ದೀಪದ ಅರ್ತ್.

7. ಮುಂದಿನದು

ಇದು ಬೇಗ ಮುಗಿಯಿತು. ಮುಂದಿನ ಬಂಪರ್ ಹಿಂಬದಿ ತೆರೆದ ಚಾನೆಲ್. 25×5 ಪಟ್ಟಿಯ ಎರಡು ಕೊಕ್ಕೆ, ಚಾನೆಲ್ಲಿನ ಮೇಲಿನ ಮತ್ತು ಕೆಳಗಿನ ತುಟಿಯನ್ನು ಹಿಂದಿನಿಂದ ಕಚ್ಚುತ್ತವೆ. ಮುಂದೆ 496×116 ಅಳತೆಯ 3 ಮಿಮೀ ಅಲ್ಯೂಮಿನಿಯಂ ಹಲಗೆ. ರಬ್ಬರ್ ಹಾಕಿ ಬಿಗಿದರೂ ಕೊಕ್ಕೆಗಳು ಒಂದೊಂದಾಗಿ ಪಕ್ಕಕ್ಕೆ ಜಾರುತ್ತಿದ್ದವು. ಎರಡನ್ನೂ ಒಳಗಡೆ ಒಂದು ಅಡ್ಡ ಪಟ್ಟಿಯಿಂದ ಜೋಡಿಸಿ, ಆ ಪಟ್ಟಿಯ ತುದಿ ಚಾಸಿಯ ಕೊಂಬಿಗೆ ತಾಗುವಂತೆ ಮಾಡಿದ ಮೇಲೆ ಕದಲಿಲ್ಲ.

ನಡುವೆ ಕೂರಿಸಲಿಲ್ಲ. ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಕ್ರ್ಯಾಂಕ್ ಹ್ಯಾಂಡಲ್ ಹೋಗುವ ದಾರಿ ಅದು, 6 ವೋಲ್ಟಿನ ಗಾಡಿಯಲ್ಲಿ ಬ್ಯಾಟರಿ ಇಳಿದ ದಿನ ಅದೇ ಗತಿ. ಚಾಲಕನ ಎದುರಿನ ಕಡೆಗೆ ಸರಿಸಿದ್ದು. ಬಂಪರಿನ ಮೇಲಕ್ಕೆ ಎತ್ತಿ ಕಟ್ಟಿದರೆ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ, ಘಾಟಿ ಹತ್ತುವಾಗ ನೀರು ಕುದಿಯುತ್ತದೆ. ಮೇಲಂಚು ಬಂಪರಿಗಿಂತ 10 ಮಿಮೀಗಿಂತ ಹೆಚ್ಚು ಏಳದಂತೆ ಇಡಿ.

8. ಬಣ್ಣ

ಬಣ್ಣದ ಮೊದಲು ಬರಿಯ ಲೋಹದಲ್ಲೇ ಮುರಂ ರಸ್ತೆಯಲ್ಲಿ ಓಡಿಸಿ, ಬಾಗುಗಳನ್ನೂ ವೆಲ್ಡುಗಳನ್ನೂ ಭೂತಗನ್ನಡಿಯಲ್ಲಿ ನೋಡಿದ್ದು. ಬಿರುಕಿಲ್ಲ. ಸತುವಿನ ಸ್ಪ್ರೇ, ಎಪಾಕ್ಸಿ ಪ್ರೈಮರ್, ಮೇಲೆ ಮ್ಯಾಟ್ ಕಪ್ಪು. ಕೊಳವೆಯ ಒಳಗೆ ಗ್ರೀಸ್ ಮಾತ್ರ. ಅಲ್ಯೂಮಿನಿಯಂ ಹಲಗೆಯ ಕೆಳಮೂಲೆಗಳಲ್ಲಿ ನೀರು ಇಳಿಯಲು 12 ಮಿಮೀ ತೂತು ಒಂದೊಂದು.

ಆಲಿವ್ ಹಸಿರು ಯಾಕಿಲ್ಲ ಎಂದು ಕೇಳುವವರಿಗೆ: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆಯದಕ್ಕೆ ಆ ಬಣ್ಣ ಬಳಿಯುವಂತಿಲ್ಲ. ಈ ಗಾಡಿಯ ಮೈ ಮರಳು ಬಣ್ಣದ್ದು. ಸೇನೆಯ ಬಾಣದ ಗುರುತನ್ನು ಪ್ಲೇಟಿನ ಪಕ್ಕ ಬರೆಸುವ ಚಪಲವೂ ಬೇಡ.

9. ಪ್ಲೇಟು ಕೂರಿಸುವಾಗ

ಹಲಗೆಯಲ್ಲಿ ಲಾಕಿನ ತೂತು ಮೊದಲೇ ಕೊರೆಯಬೇಡಿ, ಪ್ಲೇಟಿಗೆ ಹೊಂದದೆ ಹೋಗುತ್ತದೆ. ಆದರೆ ಲಾಕ್ ಬರುವ ಸಾಲಿನ ಹಿಂದೆ 15 ಮಿಮೀ ಖಾಲಿ ಜಾಗ ಇರಲಿ. ಕೀಲಿನ ಪಟ್ಟಿ ಅಲ್ಲೇ ಬಂದರೆ ಫಿಟ್ಟರ್ ಉಕ್ಕನ್ನೂ ಕೊರೆಯಬೇಕಾಗುತ್ತದೆ. ಪ್ಲೇಟು ಕೂತ ಮೇಲೆ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನು ಮಟ್ಟ ನೋಡಿ ಕೊನೆಯ ಸಲ ಬಿಗಿಯಿರಿ, ನೈಲಾಕ್ ನಟ್ಟುಗಳು (ಒಳಗೆ ನೈಲಾನ್ ಉಂಗುರ ಇರುವಂಥವು) ಹೊಸವೇ ಇರಲಿ. ಒಮ್ಮೆ ಬಿಚ್ಚಿದ ನೈಲಾಕ್ ಸ್ವಲ್ಪ ಹಿಡಿತ ಕಳೆದುಕೊಂಡಿರುತ್ತದೆ.

ಖರ್ಚು

ಎಂಎಸ್ ಪಟ್ಟಿ 200 ರೂ., ಅಲ್ಯೂಮಿನಿಯಂ ಶೀಟಿನ ತುಂಡು 350, ಬ್ರೈಟ್ ಬಾರ್, ಕೊಳವೆ ಮತ್ತು ಲೇತ್ ಕೆಲಸ 300, ಬೋಲ್ಟು ನಟ್ಟು 260, ವೆಲ್ಡಿಂಗ್ 600, ದೀಪ 240, ವೈರು 120, ಪ್ರೈಮರ್ ಮತ್ತು ಬಣ್ಣ 650, ಸ್ಪ್ರಿಂಗ್ ಮತ್ತು ರಬ್ಬರ್ 90. ಒಟ್ಟು 2,810 ರೂ. ಗುಜರಿಗೆ ಹೋದ ಮೊದಲ ಬ್ರ್ಯಾಕೆಟ್ಟಿನ 480 ಬೇರೆ, ಪ್ಲೇಟಿನ ಶುಲ್ಕ ಬೇರೆ.

ಬಾಕಿ ಇರುವುದು: ಮುಂದಿನ ಕೊಕ್ಕೆಗಳ ಕೆಳಗಿನ ರಬ್ಬರ್ ಎಷ್ಟು ಒತ್ತಿಕೊಳ್ಳುತ್ತದೆ ಎಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಬೇಕು. ತೆಳುವಾಗಿದ್ದರೆ 3 ಮಿಮೀ ಕನ್ವೇಯರ್ ಬೆಲ್ಟಿನ ತುಂಡು ಹಾಕುವುದು.